ಹುಲಿ ಗಣತಿ: ಸಂಖ್ಯೆಯಷ್ಟೇ ವಿಧಾನವೂ ಮುಖ್ಯ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇಲ್ಲಿ ಹುಲಿ ಎಣಿಸುವುದು ಕ್ಯಾಮೆರಾ ಟ್ರ್ಯಾಪ್‌ನಿಂದ. ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಏಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯಂತಿರುವುದಿಲ್ಲ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಒಮ್ಮೆ ಚಿತ್ರಕ್ಕೆ ಸಿಕ್ಕ ಹುಲಿ ಮತ್ತೆಷ್ಟು ಸಲ ಸಿಕ್ಕಿತು ಎಂಬುದರಿಂದ, ಸಿಗದೇ ಉಳಿದವುಗಳನ್ನೂ ಅಂದಾಜಿಸುತ್ತಾರೆ. ಭಾರತದಲ್ಲಿ ಈ ವಿಧಾನವನ್ನು ನಾಗರಹೊಳೆಯಲ್ಲಿ ರೂಢಿಸಿದವರು ಕೆ. ಉಲ್ಲಾಸ ಕಾರಂತ. ಹೆಜ್ಜೆಗುರುತಿನ ಗಣತಿಯನ್ನು ಅವೈಜ್ಞಾನಿಕವೆಂದು ಬಹುಕಾಲ ಪ್ರಶ್ನಿಸಿದವರೂ ಅವರೇ.

2001–02ರ ಹೆಜ್ಜೆಗುರುತು ಗಣತಿಯಲ್ಲಿ ದೇಶದ ಹುಲಿಗಳು 3,642. 2006ರ ಹೊಸ ವಿಧಾನದಲ್ಲಿ 1,411. ಅಷ್ಟರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹುಲಿ ಸತ್ತವೆಂದು ಇದರರ್ಥವಲ್ಲ. ವಿಧಾನ ಬದಲಾದರೆ ಸಂಖ್ಯೆಗಳನ್ನು ನೇರವಾಗಿ ಹೋಲಿಸುವಂತಿಲ್ಲ.

2018ರಲ್ಲಿ ಕರ್ನಾಟಕದ ಹುಲಿಗಳ ಅಂದಾಜು 524. ಅದರ ವ್ಯಾಪ್ತಿ 475–573. ವ್ಯಾಪ್ತಿ ಬಿಟ್ಟು 524 ಎಂದಷ್ಟೇ ಹೇಳುವುದು ಅರ್ಧ ಮಾಹಿತಿ.

ಅಂದಾಜಿನ ಜೊತೆ ಕೊಡುವ ಅಳತೆ ಯಾವುದು ಎಂಬುದೂ ಮುಖ್ಯ. ಮಾನಕ ವಿಚಲನೆ ದತ್ತಾಂಶದ ಚದುರುವಿಕೆಯನ್ನು ಹೇಳುತ್ತದೆ. ಮಾನಕ ದೋಷ ಅಂದಾಜು ಎಷ್ಟು ನಿಖರ ಎಂಬುದನ್ನು. ಮಾದರಿ ಗಾತ್ರ ಹೆಚ್ಚಿದಂತೆ ಮಾನಕ ದೋಷ ಕುಗ್ಗುತ್ತದೆ. ಆದ್ದರಿಂದ ಜೀವವಿಜ್ಞಾನದ ವರದಿಯಲ್ಲಿ ಯಾವುದನ್ನು ಕೊಟ್ಟಿದೆ, ಮಾದರಿ ಎಷ್ಟು ಎಂಬೆರಡನ್ನೂ ಬರೆಯಲೇಬೇಕು.

ಇಂಥ ವಿವರಗಳನ್ನು ಬರೆಯಬೇಕೆಂದೇ ಪ್ರಾಣಿ ಪ್ರಯೋಗಗಳ ವರದಿಗೆ ‘ಅರೈವ್’ ಮಾರ್ಗಸೂಚಿ ಬಂದದ್ದು 2010ರಲ್ಲಿ, ಪರಿಷ್ಕರಣೆ 2020ರಲ್ಲಿ.