ಸಕ್ಕರೆ ಹೊದ್ದ ಪನ್ನೀರು ಗುಲಾಬಿ: ಕೇಕಿನ ಅಲಂಕಾರಕ್ಕೆ ತಿನ್ನಬಹುದಾದ ಹೂವು

ದೊಡ್ಡಬಳ್ಳಾಪುರದ ಪಾಲಿಹೌಸ್‌ಗಳಲ್ಲಿ ಅರಳುವ ಕೆಂಪು ತಾಜ್‌ಮಹಲ್ ಗುಲಾಬಿಯಾಗಲಿ, ಹೊಸಕೋಟೆ ಕಡೆಯ ತೋಟಗಳಿಂದ ನಸುಕಿನಲ್ಲೇ ಮಾರುಕಟ್ಟೆ ಸೇರುವ ಬಿಡಿ ಗುಲಾಬಿಯಾಗಲಿ, ಎಷ್ಟೇ ತಾಜಾ ಕಂಡರೂ ಕೇಕಿನ ಮೇಲಿಟ್ಟು ತಿನ್ನಲು ತಕ್ಕುದಲ್ಲ. ಮಾಲೆಗೂ ಹೂಗುಚ್ಛಕ್ಕೂ ಬೆಳೆಯುವ ಹೂವಿಗೆ ಬೂದಿರೋಗ, ಥ್ರಿಪ್ಸ್ ಮತ್ತು ನುಸಿಯ ಹತೋಟಿಗಾಗಿ ಪದೇ ಪದೇ ಔಷಧಿ ಹೊಡೆಯಬೇಕಾಗುತ್ತದೆ. ಅದರಲ್ಲೂ ಅಂತರ್ವ್ಯಾಪಿ ಕೀಟನಾಶಕ, ಅಂದರೆ ಗಿಡವೇ ಹೀರಿಕೊಂಡು ತನ್ನ ರಸದೊಡನೆ ಒಳಗೆಲ್ಲ ಸಾಗಿಸುವ ಔಷಧಿ, ಎಷ್ಟು ತೊಳೆದರೂ ಹೋಗುವುದಿಲ್ಲ. ಆದ್ದರಿಂದ ಈ ಕೆಲಸ ಮನೆಯಂಗಳದ ಕುಂಡದಿಂದಲೇ ಆರಂಭವಾಗಬೇಕು.

ಇದಕ್ಕೆ ಎಸಳು ತೆಳುವಾಗಿದ್ದು ಪರಿಮಳ ತುಂಬಿರುವ ಪನ್ನೀರು ಗುಲಾಬಿಯೇ ಉತ್ತಮ. ನರ್ಸರಿಯಿಂದ ತಂದ ಗಿಡಕ್ಕೂ ಔಷಧಿ ಬಿದ್ದಿರುವ ಸಾಧ್ಯತೆಯಿರುವುದರಿಂದ, ಸುಮಾರು ಮೂರು ತಿಂಗಳು ಅದರ ಹೂವನ್ನು ಬಳಸದೆ, ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯನ್ನಷ್ಟೇ ಹಾಕಿ ಬೆಳೆಸುವುದು ಕ್ಷೇಮ. ದಾಸವಾಳ ಮತ್ತು ಶಂಖಪುಷ್ಪದ ಎಸಳುಗಳೂ ತಿನ್ನಲು ಯೋಗ್ಯವೇ. ಆದರೆ ಪೂಜೆಗೆ ಸಲ್ಲುವ ಹೂವೆಲ್ಲ ಹೊಟ್ಟೆಗೆ ಸಲ್ಲುವುದಿಲ್ಲ: ಕಣಗಿಲೆ, ಎಕ್ಕ, ಉಮ್ಮತ್ತಿ, ನಿತ್ಯಪುಷ್ಪ ಇವೆಲ್ಲ ವಿಷಕಾರಿ, ಇವನ್ನು ಬರಿಯ ಅಂದಕ್ಕೆಂದು ಕೂಡ ಕೇಕಿಗೆ ತಾಗಿಸಬಾರದು.

ಎಸಳಿಗೆ ಸಕ್ಕರೆ ಹಿಡಿಸುವ ವಿದ್ಯೆ ಗುಲ್ಕನ್ ಮಾಡುವ ಮನೆಗಳಿಗೆ ಹೊಸದಲ್ಲ. ಸಕ್ಕರೆ ಎಸಳಿನ ನೀರನ್ನು ಸೆಳೆದುಕೊಳ್ಳುವುದರಿಂದ ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ತೇವ ಸಿಗುವುದಿಲ್ಲ ಎಂಬ ತತ್ವ ಎರಡಕ್ಕೂ ಒಂದೇ. ಗುಲ್ಕನ್‌ನಲ್ಲಿ ಎಸಳು ಕರಗಿ ಪಾಕವಾದರೆ, ಇಲ್ಲಿ ಅದು ತನ್ನ ಆಕಾರದಲ್ಲೇ ಗರಿಗರಿಯಾಗಿ ನಿಲ್ಲಬೇಕು.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ, ಆಗಷ್ಟೇ ಅರಳಿದ ಹೂವನ್ನು ಕೊಯ್ದು, ಎಸಳುಗಳನ್ನು ಬಿಡಿಸಿ, ತಣ್ಣೀರಿನಲ್ಲಿ ಮೆಲ್ಲನೆ ಅದ್ದಿ ತೆಗೆದು, ಹತ್ತಿ ಬಟ್ಟೆಯ ಮೇಲೆ ಪೂರ್ತಿ ಆರಿಸಬೇಕು. ಎಸಳಿನ ಬುಡದ ಬಿಳಿಯ ಭಾಗ ಕಹಿಯಾದ್ದರಿಂದ ಅದನ್ನು ಕತ್ತರಿಸಿ ತೆಗೆಯಬೇಕು. ಸಕ್ಕರೆಯನ್ನು ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿ ಚಿರೋಟಿ ರವೆಯಷ್ಟು ನುಣ್ಣಗೆ ಮಾಡಿಕೊಳ್ಳಬೇಕು. ಹಿಟ್ಟಿನಂತಾದರೆ ಎಸಳಿನ ಮೇಲೆ ಮುದ್ದೆಗಟ್ಟುತ್ತದೆ, ದಪ್ಪ ಹರಳಾದರೆ ತೂಕಕ್ಕೆ ಎಸಳು ಬಾಗುತ್ತದೆ.

ಸಕ್ಕರೆ ಅಂಟಲು ಒಂದು ಲೇಪ ಬೇಕು. ಒಂದು ಮೊಟ್ಟೆಯ ಬಿಳಿಭಾಗಕ್ಕೆ ಒಂದು ಟೀ ಚಮಚ ನೀರು ಬೆರೆಸಿ, ನೊರೆಯೇಳದಂತೆ ಕದಡುವುದು ಹಳೆಯ ಕ್ರಮ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ, ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಮಕ್ಕಳು, ಗರ್ಭಿಣಿಯರು, ವೃದ್ಧರು ತಿನ್ನುವ ಕೇಕಿಗೂ, ಮೊಟ್ಟೆ ಬಳಸದ ಮನೆಗಳಿಗೂ ಗೋಂದಿನ ಲೇಪವೇ ಸೂಕ್ತ. ತಿನಿಸಿಗೆಂದೇ ಮಾರುವ ಅರೇಬಿಕ್ ಗೋಂದಿನ ಪುಡಿ ಒಂದು ಟೀ ಚಮಚವನ್ನು 25 ಮಿ.ಲೀ. ಪನ್ನೀರಿನಲ್ಲಿ ಕೆಲವು ಗಂಟೆ ನೆನೆಸಿ, ಆಗಾಗ ಕಲಕಿ, ಸೋಸಿದರೆ ಅದು ಸಿದ್ಧ.

ಮುಂದಿನ ಕೆಲಸಕ್ಕೆ ಆತುರ ಸಲ್ಲದು. ಎಸಳನ್ನು ಬುಡದಲ್ಲಿ ಹಿಡಿದು, ಹೊಸದಾದ ಮೆತ್ತನೆಯ ಕುಂಚದಿಂದ ಎರಡೂ ಮಗ್ಗುಲಿಗೆ, ಅಂಚು ಬಿಡದೆ, ತೆಳುವಾಗಿ ಲೇಪ ಬಳಿಯಬೇಕು. ಬಳಿಯದೆ ಉಳಿದ ಜಾಗವೇ ಮೊದಲು ಕಂದಾಗಿ ಮುದುಡುತ್ತದೆ. ಒಡನೆಯೇ ಚಮಚದಿಂದ ಸಕ್ಕರೆ ಉದುರಿಸಿ, ಹೆಚ್ಚಾದುದನ್ನು ಕೊಡವಿ, ಬೆಣ್ಣೆ ಕಾಗದದ ಮೇಲೆ ಒಂದಕ್ಕೊಂದು ತಾಗದಂತೆ ಹರಡಬೇಕು. ನೇರ ಬಿಸಿಲಿನಲ್ಲಿ ಬಣ್ಣ ಕುಂದುವುದರಿಂದ ನೆರಳಿನಲ್ಲೇ, ಫ್ಯಾನಿನ ಗಾಳಿಯಲ್ಲಿ, ನಡುವೆ ಒಮ್ಮೆ ಮಗುಚಿ ಒಣಗಿಸಬೇಕು. ಫೆಬ್ರವರಿ, ಮಾರ್ಚ್‌ನ ಒಣಹವೆಯಲ್ಲಿ ಇದಕ್ಕೆ ಒಂದು ದಿನ ಸಾಕು. ಸಕ್ಕರೆ ಗಾಳಿಯ ತೇವವನ್ನೂ ಹೀರುವುದರಿಂದ ಮಳೆಗಾಲದಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಬಾಗಿಸಿದಾಗ ಹಪ್ಪಳದಂತೆ ಪಟ್ಟನೆ ಮುರಿದರೆ ಹದ ಬಂದಂತೆ.

ಒಣಗಿದ ಎಸಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಪದರಗಳ ನಡುವೆ ಕಾಗದ ಹಾಸಿ, ಫ್ರಿಜ್ಜಿನ ಹೊರಗೇ ಇಡಬೇಕು. ಬೆಣ್ಣೆ ಕ್ರೀಮಿನ ಕೇಕಿನ ಮೇಲೆ ಐದಾರು ಎಸಳನ್ನು ಒಳಗಿನಿಂದ ಹೊರಕ್ಕೆ ಒತ್ತೊತ್ತಾಗಿ ಊರಿದರೆ ಇಡೀ ಹೂವು ಮರಳಿ ಅರಳುತ್ತದೆ. ಹಾಲಿನ ಕೆನೆ ಹಚ್ಚಿದ ಕೇಕಿನಲ್ಲಿ ನೀರಿನಂಶ ಹೆಚ್ಚಾದ್ದರಿಂದ ಸಕ್ಕರೆ ಬೇಗನೆ ಕರಗುತ್ತದೆ. ಅಂಥ ಕೇಕಿಗೆ ಎಸಳನ್ನು ಇಡಬೇಕಾದುದು ಕತ್ತರಿಸುವ ಹೊತ್ತಿಗೇ.