ಹೇಸ್ಟಿಂಗ್ಸಿನ ಒಂದು ಚದುರಂಗದಾಟ

1895ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಕಡಲತೀರದ ಹೇಸ್ಟಿಂಗ್ಸ್ ಪಟ್ಟಣದಲ್ಲಿ 22 ಮಂದಿ ಚದುರಂಗಪಟುಗಳು ಕಲೆತರು. ಅಂದಿನ ವಿಶ್ವವಿಜೇತ ಲಾಸ್ಕರ್, ರಷ್ಯದ ಚಿಗೋರಿನ್, ಜರ್ಮನಿಯ ವೈದ್ಯ ಟಾರಾಶ್ ಮೊದಲಾದ ಘಟಾನುಘಟಿಗಳ ನಡುವೆ ಅಮೆರಿಕದ ಪಿಲ್ಸ್‌ಬರಿ ಎಂಬ 22 ವರ್ಷದ ತರುಣನೊಬ್ಬನಿದ್ದನು. ಮೊದಲನೆಯ ಸುತ್ತಿನಲ್ಲಿಯೇ ಅವನು ಚಿಗೋರಿನ್ನನಿಗೆ ಸೋತನು. ಎರಡನೆಯ ಸುತ್ತಿನಲ್ಲಿ ಟಾರಾಶನನ್ನು ಎದುರಿಸಬೇಕಾಯಿತು. ಆ ಆಟವನ್ನು ಇಲ್ಲಿ ಪರಿಶೀಲಿಸೋಣ.

ಬಿಳಿಯ ಕಾಯಿಗಳನ್ನು ನಡೆಸಿದ ಪಿಲ್ಸ್‌ಬರಿಯು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿರಿಸಿದನು. ಟಾರಾಶನೂ ಹಾಗೆಯೇ ಮಾಡಿದನು. ಬಳಿಕ ಬಿಳಿಯವನು ಮಂತ್ರಿಯ ಮಗ್ಗುಲಿನ ಒಂಟೆಯ ಕಾಲಾಳನ್ನೂ ಎರಡು ಮನೆ ನಡೆಸಿ, ಬೇಕಾದರೆ ಹೊಡೆ ಎಂಬಂತೆ ಒಡ್ಡಿದನು. ಕ್ವೀನ್ಸ್ ಗ್ಯಾಂಬಿಟ್ ಎಂದು ಹೆಸರಾದ ಪ್ರಾರಂಭವಿದು. ಟಾರಾಶನು ಅದನ್ನು ಹೊಡೆಯದೆ, ರಾಜನ ಮುಂದಿನ ಕಾಲಾಳನ್ನು ಒಂದು ಮನೆ ನಡೆಸಿ ತನ್ನ ನಡುಗಾಲಾಳಿಗೆ ಆಸರೆಯಿತ್ತನು.

ಹನ್ನೊಂದನೆಯ ನಡೆಯಲ್ಲಿ ಟಾರಾಶನು ತನ್ನ ಒಂಟೆಯ ಕಾಲಾಳನ್ನು ಮತ್ತೊಂದು ಮನೆ ಮುಂದೊತ್ತಿದನು. ಮಂತ್ರಿಯ ಮಗ್ಗುಲಲ್ಲಿ ಅವನ ಬಲವು ಹೆಚ್ಚಿತಾದರೂ, ಬಿಳಿಯ ನಡುಗಾಲಾಳಿನ ಮೇಲಿದ್ದ ಒತ್ತಡವು ತಪ್ಪಿತು. ನಡುವು ಭದ್ರವಾದರೆ ಮಗ್ಗುಲಲ್ಲಿ ದಾಳಿಮಾಡಲು ಧೈರ್ಯ ಬರುತ್ತದೆ. ಪಿಲ್ಸ್‌ಬರಿಯು ಕುದುರೆಯನ್ನು ಹಲಗೆಯ ನಡುವೆ ನೆಲೆಗೊಳಿಸಿ, ಅದರ ಬೆಂಬಲಕ್ಕೆ ಕಾಲಾಳನ್ನಿರಿಸಿ, ಎದುರಾಳಿಯ ರಾಜನ ಮೇಲೆ ದಂಡೆತ್ತಿದನು.

ಇನ್ನುಳಿದುದು ಎರಡು ದಾಳಿಗಳ ಪಂದ್ಯ. ಕರಿಯ ಕಾಲಾಳೊಂದು ಮಂತ್ರಿಯಾಗಲು ಎರಡೇ ಹೆಜ್ಜೆ ಉಳಿದಿದ್ದಿತು. ಪಿಲ್ಸ್‌ಬರಿಯಾದರೋ ಕುದುರೆಯನ್ನೇ ಬಲಿಕೊಟ್ಟು ಕರಿಯ ರಾಜನನ್ನು ಬಯಲಿಗೆಳೆದನು. ಈಗ ಶಹ ಕೊಡಲು ಕೈ ತವಕಿಸುವುದು ಸಹಜ. ಆದರೆ 45ನೆಯ ನಡೆಯಲ್ಲಿ ಅವನು ತನ್ನ ರಾಜನನ್ನು ಮೆಲ್ಲನೆ ಮೂಲೆಯ ಮನೆಗೆ ಸರಿಸಿದನು! ಏತಕ್ಕೆ? ರಾಜನು ತೆರವು ಮಾಡಿದ ಮನೆಗೆ ಆನೆಯು ಬಂದು ನಿಲ್ಲಲೆಂದು. ಆನೆ ಬಂದಿತು, ಕರಿಯವನು ಮಂತ್ರಿಯನ್ನು ಕಳೆದುಕೊಂಡನು, 52ನೆಯ ನಡೆಯಲ್ಲಿ ಶಹಮಾತ್ ಆಯಿತು. ಆಗ ಆ ಕರಿಯ ಕಾಲಾಳು ಗುರಿಯಿಂದ ಒಂದೇ ಮನೆಯ ದೂರದಲ್ಲಿದ್ದಿತು.

ಮೊದಲ ಸುತ್ತಿನಲ್ಲಿ ಸೋತ ಆ ತರುಣನೇ 21 ಆಟಗಳಲ್ಲಿ 16½ ಅಂಕಗಳನ್ನು ಪಡೆದು ಪ್ರಥಮಸ್ಥಾನವನ್ನು ಗಳಿಸಿದನು. ಅವನನ್ನು ಸೋಲಿಸಿದ್ದ ಚಿಗೋರಿನ್ನನು 16 ಅಂಕಗಳೊಡನೆ ಎರಡನೆಯವನಾದನು.

ವಿದ್ಯಾರ್ಥಿಗಳೇ, ನೀವು ಆಡುವಾಗ ಶಹ ಕೊಡುವ ಮುನ್ನ ಒಂದು ಗಳಿಗೆ ಕೈಯನ್ನು ತಡೆದು, ಸುಮ್ಮನಿರುವ ಕಾಯಿ ಯಾವುದೆಂದು ನೋಡಿರಿ. ಅದಕ್ಕೆ ದಾರಿಮಾಡಿಕೊಡುವ ನಡೆಯೇ ಅನೇಕ ವೇಳೆ ಗೆಲುವಿನ ನಡೆಯಾಗಿರುತ್ತದೆ.