ಫೋನಿನಲ್ಲಿ ಕೊಟ್ಟ ಮಾತು ಟಿಕೆಟ್ಟಿಗೂ ಬರಲಿ

ಮನೆ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ, ಕೆಲಸದ ಓಡಾಟ ದೆಹಲಿಗೆ. ಹಾಗಾಗಿ ಒಂದು ವಿಮಾನ ಕಂಪನಿಯ ಸದಸ್ಯತ್ವ ಪಡೆದು ವರ್ಷಗಳಿಂದ ಅದರಲ್ಲೇ ಹೋಗಿಬರುತ್ತಿದ್ದೇನೆ. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಚಿಕ್ಕದು, ದೊಡ್ಡ ವಿಮಾನ ಇಳಿಯುವುದಿಲ್ಲ. ಹಾಗಾಗಿ ಫ್ಲೈಬಸ್ ಹತ್ತಿ ನಾಲ್ಕು ಗಂಟೆಗೂ ಹೆಚ್ಚು ಕೂತು ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣ ಸೇರಬೇಕು. ವಿಮಾನದ ಸಮಯ ಸ್ವಲ್ಪ ಬದಲಾದರೂ ನಮ್ಮ ದಿನವೆಲ್ಲ ಏರುಪೇರು. ನಮ್ಮಂಥವರಿಗೆ ಕಸ್ಟಮರ್ ಕೇರ್ ಫೋನೇ ಆಸರೆ. ಅಲ್ಲಿ ಬೆಳಿಗ್ಗೆ ಒಂದು ಮಾತು, ಸಂಜೆ ಇನ್ನೊಂದು ಮಾತು ಬಂದರೆ ಯಾರನ್ನು ನಂಬುವುದು?

ನನ್ನನ್ನು ಹೆಚ್ಚು ಕಾಡಿದ್ದು ಅಮ್ಮನ ವ್ಹೀಲ್‌ಚೇರ್ ವಿಚಾರ. ಅಮ್ಮನಿಗೆ ಮಂಡಿನೋವು. ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಹತ್ತಲಾರರು. ಟಿಕೆಟ್ ಮಾಡಿಸಿದ ದಿನ ಫೋನ್ ಎತ್ತಿದವರು "ಆಯ್ತು ಸರ್, ಹಾಕಿದ್ದೀನಿ" ಎಂದರು. ಖಾತ್ರಿಗೆಂದು ಮತ್ತೆ ಕೇಳಿದರೆ ಬೇರೊಬ್ಬರು "ಏನೂ ದಾಖಲಾಗಿಲ್ಲವಲ್ಲ" ಎಂದರು. ಮತ್ತೊಬ್ಬರು "ಅದನ್ನೆಲ್ಲ ಏರ್‌ಪೋರ್ಟಿನಲ್ಲೇ ಕೇಳಿ" ಎಂದರು. ಕೊನೆಗೆ ಸಿಕ್ಕ ಒಬ್ಬ ಹೆಣ್ಣುಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದರು. ವ್ಹೀಲ್‌ಚೇರ್ ಕೋರಿಕೆಯಲ್ಲಿ ಮೂರು ಬಗೆಯಂತೆ: ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯೂಸಿಎಚ್‌ಆರ್, ಹತ್ತಲಾರದವರಿಗೆ ಡಬ್ಲ್ಯೂಸಿಎಚ್‌ಎಸ್, ಸೀಟಿನವರೆಗೂ ಕರೆದೊಯ್ಯಬೇಕಾದವರಿಗೆ ಡಬ್ಲ್ಯೂಸಿಎಚ್‌ಸಿ. ಅಮ್ಮನದು ಎರಡನೆಯದು. ಅದನ್ನು ನಮೂದಿಸಿ, ಹೊಸ ಟಿಕೆಟ್ ಪ್ರತಿ ನನ್ನ ಮೇಲ್‌ಗೆ ಬರುವ ತನಕ ಅವರು ಲೈನಿನಲ್ಲೇ ಇದ್ದರು.

ಅವತ್ತು ಕಲಿತದ್ದನ್ನು ಇವತ್ತಿಗೂ ಪಾಲಿಸುತ್ತೇನೆ. ಪಿಎನ್‌ಆರ್ ಹೇಳುವಾಗ 'ಮೈಸೂರಿನ ಎಂ', 'ನಂಜನಗೂಡಿನ ಎನ್' ಎಂದು ಬಿಡಿಸಿ ಹೇಳುತ್ತೇನೆ. ದಿನಾಂಕ ಬದಲಿಸಲು "ಆಗುತ್ತಾ?" ಎಂದು ಕೇಳದೆ, "ಈ ಟಿಕೆಟ್ಟಿನ ಫೇರ್ ರೂಲ್ ಓದಿ ಹೇಳಿ" ಎನ್ನುತ್ತೇನೆ. ಓದಿ ಹೇಳುವಾಗ ಊಹೆಗೆ ಜಾಗವಿರುವುದಿಲ್ಲ. ಒಪ್ಪಿದ್ದನ್ನು ಬುಕಿಂಗ್‌ನ ರಿಮಾರ್ಕ್ಸ್‌ನಲ್ಲಿ ಬರೆಸುತ್ತೇನೆ, ಮುಂದೆ ಫೋನ್ ಎತ್ತುವವರ ಕಣ್ಣಿಗೂ ಅದು ಬೀಳಲಿ ಎಂದು. ಮೇಲ್ ಬರುವ ಮುನ್ನ ಫೋನ್ ಇಡುವುದಿಲ್ಲ. ವ್ಹೀಲ್‌ಚೇರ್ ಬೇಕಿದ್ದರೆ 48 ಗಂಟೆ ಮೊದಲೇ ತಿಳಿಸಿರುತ್ತೇನೆ.

ನಿಯಮ ಗೊತ್ತಿರುವುದೂ ದೊಡ್ಡ ಬಲ. ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನವೋ ಪೂರ್ತಿ ಹಣವೋ, ಆಯ್ಕೆ ಪ್ರಯಾಣಿಕರದು ಎನ್ನುತ್ತದೆ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಅದನ್ನು ಎತ್ತಿ ಹೇಳಿದ ಮೇಲೆ ನನಗೆ ಸಿಕ್ಕ ಉತ್ತರವೇ ಬದಲಾದದ್ದುಂಟು. ಫೋನಿನಲ್ಲಿ ಬಗೆಹರಿಯದಿದ್ದರೆ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಬಹುದು. ದೂರು ಕೊಡಲು ಕೇಂದ್ರ ಸರ್ಕಾರ 2016ರಲ್ಲಿ ಶುರುಮಾಡಿದ ಏರ್‌ಸೇವಾ ಪೋರ್ಟಲ್ ಇದೆ, ಗ್ರಾಹಕ ಸಹಾಯವಾಣಿ 1915 ಇದೆ.

ಫೋನ್ ಎತ್ತುವ ಹುಡುಗ ಹುಡುಗಿಯರನ್ನು ಬೈದು ಫಲವಿಲ್ಲ. ಅವರಿಗೆ ಸರಿಯಾದ ತರಬೇತಿ ಕೊಡಬೇಕಾದದ್ದು ಕಂಪನಿ. ಭಾಷೆಯದೂ ಒಂದು ತೊಡಕು: ನಾನು ಕರೆಮಾಡಿದ ಆ ಫೋನಿನಲ್ಲಿ ಕನ್ನಡದ ಆಯ್ಕೆಯೇ ಇರಲಿಲ್ಲ. ಅಮ್ಮ ಒಬ್ಬರೇ ಫೋನ್ ಮಾಡಿದ್ದರೆ ಮೊದಲ "ಆಯ್ತು" ನಂಬಿಕೊಂಡು ಹೊರಟುಬಿಡುತ್ತಿದ್ದರು, ವಿಮಾನದ ಮೆಟ್ಟಿಲ ಬುಡದಲ್ಲಿ ನಿಲ್ಲಬೇಕಾಗುತ್ತಿತ್ತು. ಇಂಗ್ಲಿಷ್ ಬಲ್ಲವರಿಗೆ, ಪಟ್ಟು ಹಿಡಿದು ಕೇಳುವವರಿಗೆ ಮಾತ್ರ ಸರಿಯಾದ ಉತ್ತರ ಸಿಗುವುದಾದರೆ ಅದು ಸೇವೆಯಲ್ಲ. ಟಿಕೆಟ್ಟಿಗೆ ಎಲ್ಲರೂ ದುಡ್ಡು ಕೊಟ್ಟಿರುತ್ತೇವೆ. ಯಾರು ಫೋನ್ ಎತ್ತಿದರೂ ಮೊದಲ ಕರೆಯಲ್ಲೇ ಒಂದೇ ಉತ್ತರ ಸಿಗಬೇಕು. ಸಿಗದಿದ್ದಾಗ ಸುಮ್ಮನಾಗದೆ ಬರವಣಿಗೆಯಲ್ಲಿ ದೂರು ಕೊಡೋಣ.